ಗಂಗುಲಪ್ಪನವರ ಸೋಲರಿಯದ ಸಿಂಹ

ಬೈರಕೂರಿನಿಂದ ಆಂಧ್ರದ ಗಡಿಯ ಕಡೆಗೆ ಮೂರು ಕಿಲೋಮೀಟರು ಹೋದರೆ ಸಿಗುವ ನಮ್ಮೂರಿನಲ್ಲಿ, ಮೂವತ್ತು ವರ್ಷ ಒಂದೇ ಕೆಲಸವನ್ನು ಒಮ್ಮೆಯೂ ಸೋಲದೆ ಮಾಡಿದವರೆಂದರೆ ಗಂಗುಲಪ್ಪನವರೊಬ್ಬರೇ. ಇಲ್ಲಿ ಮಳೆ ಸೋತಿದೆ, ಟೊಮೆಟೊ ಸೋತಿದೆ, ಪಂಚಾಯಿತಿಗೆ ನಿಂತವರು ಸೋತಿದ್ದಾರೆ, ಕೊಳವೆಬಾವಿಗೆ ಜಾಗ ತೋರಿಸುವವರು ಅಂಗೈ ಮೇಲಿನ ತೆಂಗಿನಕಾಯಿ ಸಮೇತ ಸೋತಿದ್ದಾರೆ. ಗಂಗುಲಪ್ಪನವರ ಸಿಂಹ ಮಾತ್ರ ಸೋತಿಲ್ಲ. ಹೀಗೆಂದು ಹೇಳುತ್ತಿದ್ದವರು ಗಂಗುಲಪ್ಪನವರೇ ಆದರೂ, ಅಲ್ಲವೆನ್ನಲು ಯಾರ ಬಳಿಯೂ ಆಧಾರವಿರಲಿಲ್ಲ.

ಅವರು ಕುಂಬಾರರ ಮನೆಯವರು. ತಾತ ಮಡಕೆ ಮಾಡಿದರು. ಅಪ್ಪ ಮಡಕೆ ಮಾಡುತ್ತಲೇ ಅಲ್ಯೂಮಿನಿಯಂ ಪಾತ್ರೆಗಳನ್ನು ಬೈಯುತ್ತ ತೀರಿಕೊಂಡರು. ಇವರು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗೂಡಿನ ಬೆಂಕಿ ನೋಡಿಕೊಂಡರು. ಜನರೆಲ್ಲ ಮನೆಗೆ ತಾರಸಿ ಹಾಕಿಸತೊಡಗಿದ ಮೇಲೆ ಕಾರ್ಖಾನೆ ಮುಚ್ಚಿತು. ಊರಿಗೆ ಬಂದು ಮುಕ್ಕಾಲು ಎಕರೆ ಟೊಮೆಟೊ, ಎರಡು ಸೀಮೆಹಸು ಇಟ್ಟುಕೊಂಡರು. ವಾರದಲ್ಲಿ ಆರು ದಿನ ಅವರು ಯಾರ ಕಣ್ಣಿಗೂ ಬೀಳದ ಮನುಷ್ಯ. ಭಾನುವಾರ ಹೊತ್ತು ಹುಟ್ಟುವಾಗ ಮಾತ್ರ, ತೊಳೆದ ಪಂಚೆಯುಟ್ಟು ಜಗುಲಿಯ ಮೇಲೆ ಕುಳಿತರೆಂದರೆ, ತಹಶೀಲ್ದಾರರು ಎದುರಿಗೆ ಬಂದರೂ ಏಳುವುದಿಲ್ಲ ಎಂಬ ಮುಖ.

ಕಾರಣ ಸರ್ಪಸುತ್ತು. ಮೈಯ ಒಂದೇ ಮಗ್ಗುಲಲ್ಲಿ ನೀರುಗುಳ್ಳೆಗಳು ಸಾಲಾಗಿ ಎದ್ದು, ಸೊಂಟವನ್ನು ಬಳಸುತ್ತ ಬೆಂಕಿ ಸವರಿದಂತೆ ಉರಿಯುವ ಕಾಯಿಲೆ. ಹಾವಿನ ತಲೆಯೂ ಬಾಲವೂ ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲವೆಂದು ನಮ್ಮ ಕಡೆ ನಂಬಿಕೆ. ಅವೆರಡೂ ಎಂದೂ ಕೂಡುವುದಿಲ್ಲ. ಆದರೆ ಹಾಗೆ ಕೂಡದಿರುವುದು ತಮ್ಮಿಂದಲೇ ಎಂದು ಗಂಗುಲಪ್ಪನವರು ನಂಬಿದ್ದರು. ನುಣ್ಣಗೆ ಅರೆದ ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಕೋಳಿಪುಕ್ಕ ಅದ್ದಿ, ಹಾವಿನ ತಲೆಯ ಎದುರಿಗೆ ಬಾಯ್ತೆರೆದ ಸಿಂಹವೊಂದನ್ನು ಮೈಮೇಲೆ ಬರೆಯುತ್ತಿದ್ದರು. ಮೂರು ಭಾನುವಾರ ಮೂರು ಸಿಂಹ. ಬೆಂಗಳೂರಿನಿಂದ ಬಂದ ನೆಂಟನೊಬ್ಬ ಒಮ್ಮೆ ಅದನ್ನು ನೋಡಿ, "ನಾಯಿ ಚೆನ್ನಾಗಿ ಬಂದಿದೆ" ಎಂದನಂತೆ. ಮಧ್ಯಾಹ್ನದ ಊಟಕ್ಕೂ ಕಾಯಿಸದೆ ಅವನನ್ನು ಬಸ್ಸು ಹತ್ತಿಸಿದರು.

ಮೂರನೆಯ ಭಾನುವಾರ ಒಂದು ಶಾಸ್ತ್ರವಿತ್ತು. ಮನೆತನ ಗಡಿಯಾಚೆಯಿಂದ ಬಂದದ್ದಾದ್ದರಿಂದ ಅದು ತೆಲುಗಿನಲ್ಲೇ ನಡೆಯಬೇಕು. ಸಿಂಹ ಬರೆದಾದ ಮೇಲೆ ಗಂಗುಲಪ್ಪನವರು ಎದ್ದು ನಿಂತು, "ಪೋಯಿಂದಾ?" ಎಂದು ಕೇಳುವರು, ಹೋಯಿತೇ ಎಂದು. ಕಾಯಿಲೆಯವರು "ಪೋಯಿಂದಿ" ಎನ್ನಬೇಕು, ಹೋಯಿತು ಎಂದು. ಹೀಗೆ ಮೂರು ಸಲ. ಬೇರೆ ಉತ್ತರಕ್ಕೆ ಅವಕಾಶವಿಲ್ಲ. ಅಂದಿನಿಂದ ಆ ಜಾಗದ ನೋವಿನ ಮಾತನ್ನು ಯಾರೆದುರೂ ಆಡುವ ಹಾಗಿಲ್ಲ. ಆಡಿದರೆ ಹೋದ ಹಾವು ತನ್ನನ್ನೇ ಕರೆದರೆಂದು ತಿರುಗಿ ಬರುತ್ತದೆ, ಬರುವಾಗ ಜೋಡಿ ಕರೆತರುತ್ತದೆ.

ಹೀಗಾಗಿ ಮೂವತ್ತು ವರ್ಷದಲ್ಲಿ ಗಂಗುಲಪ್ಪನವರು ಕೇಳಿದವರೆಲ್ಲ "ಪೋಯಿಂದಿ" ಎಂದರು. ತಿರುಗಿ ಬಂದು ದೂರಿದವರು ಒಬ್ಬರೂ ಇಲ್ಲ. ಇಂಥ ಒಮ್ಮತ ನಮ್ಮ ಹಾಲಿನ ಸೊಸೈಟಿಯ ಚುನಾವಣೆಯಲ್ಲಿ ಕೂಡ ಕಂಡುಬಂದದ್ದಿಲ್ಲ. ತಾವೇ ಹೇಳಿಸಿದ ಉತ್ತರವನ್ನು ತಾವೇ ನಂಬಿದ ಜನ ದೊಡ್ಡ ದೊಡ್ಡ ಊರುಗಳಲ್ಲಿ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಇರುವಾಗ, ಬೈರಕೂರಿನ ಬದಿಯ ಜಗುಲಿಯೊಂದರಲ್ಲಿ ಕುಳಿತವರನ್ನೇ ಹಿಡಿದು ನಗುವುದು ನ್ಯಾಯವಲ್ಲ. ಆದರೂ ನಗು ಬರುತ್ತದೆ.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ಹಾವು ಗಂಗುಲಪ್ಪನವರ ಮೈಗೇ ಬಂತು.

ಎಡಗಡೆಯ ಪಕ್ಕೆಯಲ್ಲಿ ಶುರುವಾಗಿ ಬೆನ್ನಿನವರೆಗೆ ಗುಳ್ಳೆಗಳೆದ್ದವು. ಊರಿನ ಆಶಾ ಕಾರ್ಯಕರ್ತೆ ಶೋಭಾರಾಣಿ ವಿಷಯ ಕೇಳಿ ಓಡಿಬಂದಳು.

"ಮಾವ, ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ಒಳ್ಳೇದಂತೆ. ಇವತ್ತೇ ಮುಳಬಾಗಿಲು ಆಸ್ಪತ್ರೆಗೆ ಹೋಗ್ಬನ್ನಿ."

"ಸಿಂಹ ಬರಿಯೋನು ಮಾತ್ರೆ ನುಂಗಿದ್ರೆ ಜನ ಏನಂತಾರಮ್ಮ?"

"ಬದುಕಿದ ಅಂತಾರೆ."

"ಹೋಗಮ್ಮ, ಹೋಗು. ನಿಂಗಿದು ಅರ್ಥ ಆಗಲ್ಲ."

ಆದರೆ ತಮ್ಮ ಬೆನ್ನಿಗೆ ತಾವೇ ಸಿಂಹ ಬರೆದುಕೊಳ್ಳಲು ಯಾರಿಗೂ ಕೈ ಎಟುಕುವುದಿಲ್ಲ. ವಂಶದಲ್ಲಿ ಬೇರೆ ಗಂಡಸರಿಲ್ಲ. ಉಳಿದವರೆಂದರೆ ಹೆಂಡತಿ ಮುನಿಯಲ್ಲಮ್ಮ. ಮೂವತ್ತು ವರ್ಷ ಕೆಮ್ಮಣ್ಣು ಅರೆದುಕೊಟ್ಟವಳು ಆಕೆಯೇ. ಪುಕ್ಕ ಮುಟ್ಟಲು ಮಾತ್ರ ಅವಳಿಗೆ ಅಪ್ಪಣೆಯಿರಲಿಲ್ಲ. ಗಂಗುಲಪ್ಪನವರು ಜ್ವರದಲ್ಲಿ ನಡುಗುತ್ತ ಕವುಚಿ ಮಲಗಿ ಅಪ್ಪಣೆ ಕೊಟ್ಟರು. ಆಕೆ ಬರೆದಳು. ಅವರು ಕಾಣದ ಸಿಂಹವನ್ನು ತಿದ್ದುತ್ತಲೇ ಇದ್ದರು.

"ಬಾಲ ಮೇಲಕ್ಕೆ ಎತ್ತೇ. ಸಿಂಹದ ಬಾಲ ಕೆಳಗೆ ಬೀಳ್ಬಾರ್ದು."

"ಎತ್ತಿದೀನಿ."

"ಹಲ್ಲು ಬಿಡಿಸಿದ್ಯಾ?"

"ಮೂವತ್ತೆರಡೂ ಬಿಡಿಸಿದೀನಿ, ಸುಮ್ನೆ ಬಿದ್ಕೊ."

ಮೂರನೆಯ ಭಾನುವಾರ ಮುನಿಯಲ್ಲಮ್ಮ ಎದ್ದು ನಿಂತು, ಗಂಡನ ಕಣ್ಣಲ್ಲಿ ಕಣ್ಣಿಟ್ಟು, "ಪೋಯಿಂದಾ?" ಎಂದು ಮೂರು ಸಲ ಕೇಳಿದಳು. ಗಂಗುಲಪ್ಪನವರು ಮೂರು ಸಲವೂ "ಪೋಯಿಂದಿ" ಎಂದರು.

ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು, ಚರ್ಮ ಬೆಳ್ಳಗೆ ಹೊಸದಾಯಿತು. ಉರಿ ಅಲ್ಲೇ ಉಳಿಯಿತು.

ಆ ಉರಿ ವಿಚಿತ್ರವಾದದ್ದು. ಗಟ್ಟಿಯಾಗಿ ಒತ್ತಿದರೆ ಅಷ್ಟಿಲ್ಲ. ಅಂಗಿಯ ಬಟ್ಟೆ ಸೋಕಿದರೆ ಕಾದ ಬಾಣಲೆಯ ಅಂಚು ತಗುಲಿದ ಹಾಗೆ. ಫ್ಯಾನಿನ ಗಾಳಿ ಬಡಿದರೆ ಇರುವೆಗಳ ಸಾಲಿನ ಮೇಲೆ ಮಲಗಿದ ಹಾಗೆ. ಅವರು ಎಡಗೈಯ ಎರಡು ಬೆರಳಲ್ಲಿ ಅಂಗಿಯನ್ನು ಮೈಯಿಂದ ದೂರ ಎತ್ತಿ ಹಿಡಿದು ನಡೆಯತೊಡಗಿದರು. ವಯಸ್ಸಾದ ಮೇಲೆ ಠೀವಿ ಬಂತು ಎಂದರು ಜನ.

ಹೇಳುವುದು ಯಾರಿಗೆ? ಹೇಳಿದರೆ ಹಾವು ಜೋಡಿಯಾಗಿ ಬರುತ್ತದೆ, ಅದಿರಲಿ. ಮೂವತ್ತು ವರ್ಷದ ಸಿಂಹ ಒಂದೇ ಮಾತಿಗೆ ಸತ್ತುಹೋಗುತ್ತದೆ. ಹೇಳದಿದ್ದರೆ ಪಕ್ಕೆ ಸಾಯುತ್ತದೆ. ಗಂಗುಲಪ್ಪನವರು ಪಕ್ಕೆಯನ್ನು ಬಿಟ್ಟುಕೊಟ್ಟರು.

ಮುನಿಯಲ್ಲಮ್ಮನಿಗೆ ಗೊತ್ತಾಗದೇ ಇರುತ್ತದೆಯೇ? ಗಂಡ ಬಲಮಗ್ಗುಲು ಬಿಟ್ಟು ಹೊರಳುವುದಿಲ್ಲ. ಮೈಮೇಲೆ ನೀರು ಹುಯ್ದುಕೊಳ್ಳುವಾಗ ಹಲ್ಲು ಕಚ್ಚುವ ಸದ್ದು ಹಿತ್ತಲಿಗೆ ಕೇಳುತ್ತದೆ. ಆದರೆ ಆಕೆ ಮರುಗಲಿಲ್ಲ. ಬದಲಿಗೆ, ಅದುವರೆಗೆ ತಾನೂ ಕೂಲಿಯವರೂ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಗಂಡನಿಗೆ ಹೇಳತೊಡಗಿದಳು.

"ಆ ಟೊಮೆಟೊ ಕ್ರೇಟು ಎಡಗಡೆ ಹೆಗಲಿಗೆ ಹಾಕ್ಕೊ, ಬಲಗಡೆ ಹೊರೆ ಹುಲ್ಲು ಐತಲ್ಲ."

"ಎಡಗಡೆ ಬೇಡ ಕಣೇ."

"ಯಾಕೆ, ಏನಾಗೈತೆ?"

ಗಂಗುಲಪ್ಪನವರು ಎಡಗಡೆಗೇ ಹಾಕಿಕೊಂಡರು. ಕ್ರೇಟಿನ ಅಂಚು ಪಕ್ಕೆಗೆ ಉಜ್ಜುತ್ತಿತ್ತು. ಆಕೆ ಹಿಂದೆ ಹಿಂದೆ ನಡೆಯುತ್ತ ನೋಡುತ್ತಿದ್ದಳು. ಇಷ್ಟು ವರ್ಷ ಬಾಳಿದ ಹೆಂಡತಿ ಹೀಗೆ ಮಾಡುವಳೇ ಎಂದು ನಿಮಗೆ ಅನ್ನಿಸಿದರೆ, ನಿಮ್ಮ ಮನೆಯಲ್ಲಿ ಇನ್ನೂ ವಿಚಾರಿಸಿಲ್ಲವೆಂದೇ ಅರ್ಥ.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ, ಶೋಭಾರಾಣಿ ಒಬ್ಬ ಡಾಕ್ಟರನ್ನು ಕರೆದುಕೊಂಡು ಗಂಗುಲಪ್ಪನವರ ಜಗುಲಿಗೆ ಬಂದಳು. ಮೆಡಿಕಲ್ ಕಾಲೇಜೊಂದರಿಂದ ಬಂದ ಶ್ವೇತ ಎಂಬ ಹುಡುಗಿ. ಸರ್ಪಸುತ್ತು ಮಾಗಿದ ಮೇಲೂ ಕೆಲವರಿಗೆ ವರ್ಷಗಟ್ಟಲೆ ನರದ ನೋವು ಉಳಿಯುತ್ತದೆ, ಕೆಲವರಿಗೆ ಉಳಿಯುವುದಿಲ್ಲ. ಯಾಕೆಂದು ಆಕೆ ಎರಡೂ ಥರದವರ ರಕ್ತ ಹೋಲಿಸಿ ಹುಡುಕುತ್ತಿದ್ದಳು.

"ನೋವು ಉಳಿದೋರು ನಮ್ಮ ಆಸ್ಪತ್ರೆಗೇ ಬರ್ತಾರೆ ಯಜಮಾನ್ರೇ. ನೋವು ಪೂರ್ತಿ ಹೋದೋರು ಸಿಗೋದೇ ಕಷ್ಟ. ನಿಮ್ಮ ಹತ್ರ ಬಂದೋರಿಗೆಲ್ಲ ಹೋಗಿದೆ ಅಂತ ಕೇಳ್ದೆ."

"ಎಲ್ರಿಗೂ," ಎಂದರು ಗಂಗುಲಪ್ಪನವರು. ಅವರ ಜೀವಮಾನದಲ್ಲಿ ಇಂಥ ಗಳಿಗೆ ಬಂದಿರಲಿಲ್ಲ. "ಮೂವತ್ತು ವರ್ಷ. ಒಂದೂ ಫೇಲಿಲ್ಲ ಮೇಡಮ್ಮೋರೆ."

ಒಳಗಿನಿಂದ ಮುನಿಯಲ್ಲಮ್ಮ ಕೆಮ್ಮಿದಳು.

ರಕ್ತದಲ್ಲಿ ಏನು ನೋಡುತ್ತೀರಿ ಎಂದು ಅವರು ಕೇಳಿದ್ದಕ್ಕೆ ಡಾಕ್ಟರು ಜಗುಲಿಯ ತುದಿಯಲ್ಲೇ ಕುಳಿತು ವಿವರಿಸಿದಳು. "ನಮ್ಮ ಮೈಯಲ್ಲಿ ಕಾವಲು ಕಣಗಳಿವೆ. ಕಾಯಿಲೆ ಬಂದಾಗ ಹೋರಾಡಕ್ಕೆ ಹೋಗ್ತವೆ. ಆಗ ಅವು ಸಕ್ಕರೆನ ಗಬಗಬ ಅಂತ ಉರಿಸ್ತವೆ, ಒಣಹುಲ್ಲಿಗೆ ಬೆಂಕಿ ಹಾಕಿದ ಹಾಗೆ. ಕೆಲಸ ಮುಗಿದ ಮೇಲೆ ಆ ಉರಿ ಬಿಟ್ಟು, ಕೊಬ್ಬನ್ನ ಸೌದೆ ಥರ ನಿಧಾನವಾಗಿ ಉರಿಸ್ಕೊಂಡು, ಕೆಟ್ಟಿದ್ದನ್ನ ರಿಪೇರಿ ಮಾಡ್ಬೇಕು. ಕೆಲವರಲ್ಲಿ ಅವು ಬದಲಾಗೋದೇ ಇಲ್ವೇನೋ, ನರದ ಪಕ್ಕದಲ್ಲೇ ಕೂತು ಇನ್ನೂ ಹುಲ್ಲೇ ಉರಿಸ್ತಾ ಇರ್ತವೇನೋ ಅಂತ ನಮ್ಮ ಅನುಮಾನ. ಕಾಯಿಲೆ ಹೋಗಿರುತ್ತೆ, ಕಾವಲಿನೋರು ಹೋಗಿರಲ್ಲ."

ಇಪ್ಪತ್ತೆರಡು ವರ್ಷ ಗೂಡಿನ ಬಾಯಲ್ಲಿ ಕುಳಿತವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಹೆಂಚು ಬೆಂದ ಮೇಲೂ ಬೆಂಕಿ ನಿಲ್ಲಿಸದಿದ್ದರೆ ಏನಾಗುತ್ತದೆಂದು ಅವರು ಕಂಡಿದ್ದರು: ಗೂಡಿನಲ್ಲಿರುವುದೆಲ್ಲ ಸೊಟ್ಟಗಾಗಿ, ಒಂದಕ್ಕೊಂದು ಅಂಟಿಕೊಂಡು, ಒಡೆದರೂ ಬಿಡಿಸಲಾಗದಂತೆ ಆಗಿಬಿಡುತ್ತದೆ. ತಮ್ಮ ಎಡಪಕ್ಕೆಯೊಳಗೆ ಏನು ನಡೆಯುತ್ತಿದೆಯೆಂದು ಮೊದಲ ಬಾರಿಗೆ ಯಾರೋ ಹೇಳಿದ್ದರು. ಅದನ್ನು ಕೇಳಿಸಿಕೊಂಡೂ ಅವರು ಕೇಳಿದ್ದು ಇಷ್ಟೇ:

"ಅಲ್ಲ, ಅಂಥೋರಿಗೆ, ಬೇರೆಯೋರಿಗೆ ಕಣಮ್ಮ, ಸಕ್ಕರೆ ಕೊಡದೆ ಇದ್ರೆ ಆ ಕಾವಲಿನೋರು ಹೊರಟೋಗ್ತಾರಾ?"

"ಇಲ್ಲ ಯಜಮಾನ್ರೇ. ತಿನ್ನದೆ ಇದ್ರೂ ಮೈಯೇ ಸಕ್ಕರೆ ಮಾಡಿ ಕೊಡುತ್ತೆ. ಉಪವಾಸ ಮಾಡಿದ್ರೆ ಸೊರಗೋದು ಮನುಷ್ಯ ಅಷ್ಟೆ."

ಡಾಕ್ಟರರು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಗಂಗುಲಪ್ಪನವರು ತೀರ್ಮಾನಿಸಿದರು. ಅವತ್ತಿನಿಂದ ಕಾಫಿಗೆ ಸಕ್ಕರೆ ಬಿಟ್ಟರು, ಮುದ್ದೆ ಅರ್ಧಕ್ಕಿಳಿಸಿದರು. ಮೂರನೆಯ ದಿನವೇ ಮುನಿಯಲ್ಲಮ್ಮ ವಿಷಯ ಊಹಿಸಿ, ಹಬ್ಬವಿಲ್ಲದಿದ್ದರೂ ಒಬ್ಬಟ್ಟು ಮಾಡಿದಳು. ಮರುದಿನ ಕೇಸರಿಬಾತು. "ನೋವಿಲ್ಲ ಉರಿಯಿಲ್ಲ, ಗಟ್ಟಿಯಾಗಿದೀಯ, ತಿನ್ನೋಕೇನು?" ಎಂದು ಮುಂದಿಟ್ಟಳು. ಅವರು ತಿಂದು, ರಾತ್ರಿಯ ಮುದ್ದೆ ಪೂರ್ತಿ ಬಿಟ್ಟರು. ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋದವು, ಪಕ್ಕೆ ಇದ್ದ ಹಾಗೇ ಉರಿಯುತ್ತಿತ್ತು.

ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ, ಹಾಲು ಹಾಕಿದವರೆಲ್ಲ ಹೋದ ಮೇಲೆ, ಡೇರಿಯ ಕೋಣೆಯಲ್ಲಿ ತಪಾಸಣೆ ಏರ್ಪಾಡಾಯಿತು. ಗಂಗುಲಪ್ಪನವರೇ ಸುತ್ತಲ ಹಳ್ಳಿಗಳಿಗೆ ಹೇಳಿಕಳಿಸಿ, ತಾವು ಗುಣಪಡಿಸಿದ ಇಪ್ಪತ್ತಮೂರು ಜನರನ್ನು ಸೇರಿಸಿದ್ದರು. ಆ ಲೆಕ್ಕದಲ್ಲಿ, ಆರು ವರ್ಷದ ಕೆಳಗೆ ಬೆನ್ನಿಗೆ ಸಿಂಹ ಬರೆಸಿಕೊಂಡಿದ್ದ ಅವರ ಸ್ವಂತ ಹೆಂಡತಿಯೂ ಒಬ್ಬಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮದುವೆಗೆ ಬಂದವರನ್ನು ಎದುರುಗೊಳ್ಳುವ ಹುಡುಗಿಯ ತಂದೆಯಂತೆ ಒಬ್ಬೊಬ್ಬರನ್ನೂ ಒಳಗೆ ಕಳಿಸಿದರು. ಶೋಭಾರಾಣಿ ಹೆಸರು ಬರೆದುಕೊಂಡಳು.

ಡಾಕ್ಟರಿಗೆ ಈ ಊರಿನ ಕಟ್ಟುಪಾಡನ್ನು ಶೋಭಾರಾಣಿ ಮೊದಲೇ ತಿಳಿಸಿದ್ದಳು. ನೋವಿದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ಹಾಗಾಗಿ ಡಾಕ್ಟರು ನೋವಿನ ಮಾತೇ ಎತ್ತಲಿಲ್ಲ. ಬಾಗಿಲು ಹಾಕಿಕೊಂಡು, "ಅಂಗಿ ತಾಗಿದ್ರೆ ಹೇಗಿರುತ್ತೆ?" ಎಂದಷ್ಟೇ ಕೇಳಿದಳು. ಸಿಂಹ ಬರೆಸಿಕೊಂಡವರು ನೋವಿನ ವಿಷಯ ಆಡಬಾರದೆಂದು ಕಟ್ಟಪ್ಪಣೆಯಿತ್ತು. ಅಂಗಿಯ ವಿಷಯ ಆಡಬಾರದೆಂದು ಯಾರೂ ಹೇಳಿರಲಿಲ್ಲ. ಜನ ಅಂಗಿಯ ವಿಷಯ ಆಡಿದರು. ಗಂಟೆಗಟ್ಟಲೆ ಆಡಿದರು. ಒಬ್ಬಾಕೆ ರವಿಕೆಯ ವಿಷಯ ಆಡುತ್ತ ಅತ್ತುಬಿಟ್ಟಳು.

ಎಂಟನೆಯವರಾಗಿ ಒಳಗೆ ಹೋದ ಮುರಳಿಮೋಹನ್ ಡೇರಿಯ ಅಧ್ಯಕ್ಷರು. ಎರಡು ವರ್ಷದ ಕೆಳಗೆ ಸಿಂಹ ಬರೆಸಿಕೊಂಡವರು. ಆಮೇಲೆ ಷರಟು ಬಿಟ್ಟು, ತೆಳ್ಳನೆಯ ಸಡಿಲ ಜುಬ್ಬಾ ಹಿಡಿದಿದ್ದರು. ಅವರು ಕೈಯಲ್ಲೊಂದು ಚೀಟಿ ಹಿಡಿದು ಹೊರಬಂದರು. ನೋವು ಉಳಿದವರಿಗೆ ಡಾಕ್ಟರು ಬರೆದುಕೊಡುತ್ತಿದ್ದ ಚೀಟಿ. ಮುಳಬಾಗಿಲಿನಲ್ಲಿ ತೋರಿಸಿದರೆ ನರದ ಉರಿಗೆ ಮಾತ್ರೆ ಕೊಡುತ್ತಾರೆ. ಹೊರಗೆ ಬೇವಿನ ಮರದ ಕೆಳಗೆ ಆಗಲೇ ನಾಲ್ಕು ಜನ ಅಂಥದೇ ಚೀಟಿಯನ್ನು ಸೆರಗಿನಲ್ಲಿ, ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದರು. ಒಬ್ಬರ ಚೀಟಿ ಒಬ್ಬರಿಗೆ ಕಂಡಿತು. ಮುರಳಿಮೋಹನ್ ಬಾಗಿಲಿನ ಕಡೆ ತಿರುಗಿ ಕೂಗಿದರು.

"ಗಂಗುಲಪ್ಪಣ್ಣ! ನಾನು ಈ ಜುಬ್ಬಾ ಯಾಕೆ ಹಾಕ್ತೀನಿ ಗೊತ್ತೇನಯ್ಯಾ? ಷರ್ಟು ಹಾಕಕ್ಕಾಗಲ್ಲ ಕಣಯ್ಯಾ, ಉರೀತದೆ! ಜುಬ್ಬಾ ಹಾಕಿದ್ದು ನೋಡಿ ಜನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ತಾನೆ ಅಂದ್ರು. ನಿಂತೂಬಿಟ್ಟೆ. ಸೋತೂಬಿಟ್ಟೆ! ಎಲ್ಲಾ ನಿನ್ ಸಿಂಹದಿಂದ!"

ಮರದ ಕೆಳಗೆ ನಗು ಎದ್ದಿತು. ಎರಡು ವರ್ಷ, ನಾಲ್ಕು ವರ್ಷ, ಒಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವರ ನಗು ಅಷ್ಟು ಚಂದವಿರುವುದಿಲ್ಲ.

"ಸಿಂಹ ಅಲ್ಲ ಅಣ್ಣ ಅದು, ನಾಯಿ."

"ಹಾವನ್ನ ತಿನ್ನು ಅಂದ್ರೆ ನನ್ ಪಕ್ಕೆನೇ ತಿಂತಾ ಕೂತೈತೆ."

"ಒಳ್ಳೆ ಜಾತಿ ನಾಯಿ. ಕಟ್ಟಿಹಾಕಿದ ಜಾಗ ಬಿಡಲ್ಲ."

ಗಂಗುಲಪ್ಪನವರು ಕುರ್ಚಿಯಿಂದ ಏಳಲಿಲ್ಲ. ಏಳದಿರುವುದೇ ಉತ್ತರವೆಂಬಂತೆ ಕೂತರು. ಅಷ್ಟರಲ್ಲಿ ಮುನಿಯಲ್ಲಮ್ಮ ಒಳಗಿನಿಂದ ಹೊರಬಂದಳು. ಆಕೆಯ ಕೈಯಲ್ಲೂ ಚೀಟಿಯಿತ್ತು. ಅದನ್ನು ಆಕೆ ಬಚ್ಚಿಡಲಿಲ್ಲ.

"ನಿಂಗೂನಾ?" ಎಂದರು ಗಂಗುಲಪ್ಪನವರು, ಮೆಲ್ಲಗೆ.

"ಆರು ವರ್ಷ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಲ್ಲ. ಮೂರು ಸಲ. ಎದ್ದು ನಿಂತ್ಕೊಂಡು. ನಾನೂ ಹೇಳ್ದೆ." ಆಕೆ ಚೀಟಿಯನ್ನು ಮಡಿಚಿದಳು. "ಆಮೇಲೆ ನೀನು ಕೇಳ್ಲಿಲ್ಲ. ಆರು ವರ್ಷ ಕ್ರೇಟು ಹೊತ್ತೆ, ಯಾವ ಕಡೆ ಹೆಗಲಿಗೆ ಅಂತ ಒಂದಿನ ಕೇಳ್ಲಿಲ್ಲ."

ಇಪ್ಪತ್ತಮೂರು ಜನರಲ್ಲಿ ಹದಿನಾಲ್ಕು ಜನರ ಕೈಗೆ ಚೀಟಿ ಬಂತು. ಉಳಿದ ಒಂಬತ್ತು ಜನ ಏನೂ ಬರೆಯದಿದ್ದರೂ ಗುಣವಾಗುತ್ತಿದ್ದವರೇ ಎಂದು ಡಾಕ್ಟರು ಶೋಭಾರಾಣಿಗೆ ಹೇಳಿದ್ದು ಕಿಟಕಿಯಿಂದ ಹೊರಗೂ ಕೇಳಿಸಿತು. ಕೊನೆಗೆ ಉಳಿದದ್ದು ಗಂಗುಲಪ್ಪನವರದೇ ಪಕ್ಕೆ. ಅವರು ಒಳಗೆ ಹೋದರು. ಕಿಟಕಿಗೆ ಹತ್ತಾರು ಮುಖಗಳು ಅಂಟಿಕೊಂಡವು. ಡಾಕ್ಟರು ಮುಚ್ಚಲು ಹೋದಳು. ಗಂಗುಲಪ್ಪನವರೇ, "ಇರ್ಲಿ ಮೇಡಮ್ಮೋರೆ, ನೋಡ್ಲಿ" ಎಂದರು.

ಆಕೆ ಒಂದು ಎಳೆ ಹತ್ತಿಯನ್ನು ಅವರ ಎಡಪಕ್ಕೆಯ ಮೇಲೆ, ಬೆನ್ನಿನಿಂದ ಹೊಟ್ಟೆಯ ಕಡೆಗೆ, ಮೆಲ್ಲಗೆ ಎಳೆದಳು.

"ಹೇಗನ್ಸುತ್ತೆ?"

"ಹತ್ತಿ ಥರ."

ಆಕೆ ಇನ್ನೊಮ್ಮೆ ಎಳೆದಳು. ಗಂಗುಲಪ್ಪನವರ ಬಲಗೈ ಮೇಜಿನ ಅಂಚನ್ನು ಹಿಡಿದಿತ್ತು. ಬೆರಳ ಗೆಣ್ಣುಗಳು ಬಿಳುಚಿದವು.

"ಕಣ್ಣಲ್ಲಿ ಯಾಕೆ ನೀರು ಯಜಮಾನ್ರೇ?"

"ಫಿನಾಯಿಲ್ ವಾಸನೆ. ಡೇರಿ ಅಲ್ವಾ."

ಡಾಕ್ಟರು ಕಿಟಕಿಯತ್ತ ನೋಡಿದಳು, ಅವರತ್ತ ನೋಡಿದಳು. "ನೋವಿದ್ರೆ ಹೇಳಿ. ಮಾತ್ರೆ ಇದೆ. ಪೂರ್ತಿ ಹೋಗದಿದ್ರೂ ತುಂಬಾ ಕಮ್ಮಿ ಆಗುತ್ತೆ. ನಿದ್ದೆ ಬರುತ್ತೆ."

ನಿದ್ದೆ ಎಂಬ ಮಾತಿಗೆ ಗಂಗುಲಪ್ಪನವರ ಬಾಯಿ ಅರ್ಧ ತೆರೆಯಿತು. ಹನ್ನೊಂದು ತಿಂಗಳಾಗಿತ್ತು. ಕಿಟಕಿಯಲ್ಲಿ ಮುರಳಿಮೋಹನ್ ಮೂಗು ಸರಳಿಗೆ ಒತ್ತಿಕೊಂಡು ಕಾಯುತ್ತಿದ್ದರು. ಬಾಯಿ ಮುಚ್ಚಿತು.

"ಇಲ್ಲ. ನಂಗೆ ಪೂರ್ತಿ ಹೋಗೈತೆ."

ರಕ್ತ ತೆಗೆದು ಸೀಸೆಗೆ ತುಂಬಿ, ನೋವಿಲ್ಲದವರ ಸಾಲಿನಲ್ಲಿ ಇಟ್ಟರು. ಗಂಗುಲಪ್ಪನವರು ಹೊರಗೆ ಬಂದು, ಜನರ ನಡುವೆ ನಿಂತು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದರು.

"ನೋಡಿದ್ರಲ್ಲ. ನಂಗೂ ಬಂದಿತ್ತು, ನಂಗೂ ಸಿಂಹನೇ ಬರೆದಿದ್ದು, ಮಾತ್ರೆ ಗೀತ್ರೆ ಮುಟ್ಟಿಲ್ಲ. ಹೋಗೈತೆ. ಸಿಂಹ ಸುಳ್ಳಲ್ಲ. ನಿಮ್ಮಲ್ಲೇ ಯಾರೋ ಪಥ್ಯ ಕೆಡಿಸಿದೀರ."

ಒಂದು ಕ್ಷಣ ಮೂವತ್ತು ವರ್ಷ ಮತ್ತೆ ಎದ್ದು ನಿಂತಂತಾಯಿತು. ಅಷ್ಟರಲ್ಲಿ ಮುರಳಿಮೋಹನ್ ಹಣೆ ಉಜ್ಜಿಕೊಂಡರು. ದಿನವೂ ಹಾಲಿನ ಕೊಬ್ಬಿನ ಪರ್ಸೆಂಟು ನೋಡುವ ಮನುಷ್ಯ. ಲೆಕ್ಕ ತಡವಾಗಿ ಬಂದರೂ ತಪ್ಪಿ ಬರುವುದಿಲ್ಲ.

"ಇರಯ್ಯಾ ಇರು. ನಿಂಗೆ ಸಿಂಹ ಬರೆದಿದ್ದು ಯಾರು?"

ಗಂಗುಲಪ್ಪನವರು ಇನ್ನೊಂದು ಗುಂಡಿ ಹಾಕಿಕೊಂಡರು.

"ಅಕ್ಕ ಅಲ್ವಾ ಬರೆದಿದ್ದು? ಅಲ್ಲಿಗೆ ನಿಂದು ಇಪ್ಪತ್ಮೂರಕ್ಕೆ ಒಂಬತ್ತು. ಅಕ್ಕಂದು ಒಂದಕ್ಕೆ ಒಂದು. ಲೇ, ಮೂವತ್ತು ವರ್ಷ ನಾವು ಗಂಡನ ಹತ್ರ ಬರೆಸ್ಕೊಂಡ್ವಲ್ರೋ!"

ಎಲ್ಲರೂ ಮುನಿಯಲ್ಲಮ್ಮನ ಕಡೆ ತಿರುಗಿದರು. ಗಂಡ ಸುಳ್ಳು ಹೇಳುತ್ತಿದ್ದಾನೆಂದು ಆ ಗುಂಪಿನಲ್ಲಿ ಖಚಿತವಾಗಿ ಗೊತ್ತಿದ್ದವಳು ಆಕೆಯೊಬ್ಬಳೇ. ಒಂದು ಮಾತು ಆಡಿದ್ದರೆ ಅವರಿಗೆ ಅವಮಾನವೂ ಆಗುತ್ತಿತ್ತು, ಮಾತ್ರೆಯೂ ಸಿಗುತ್ತಿತ್ತು. ಆಕೆ ಗಂಡನನ್ನು ದಿಟ್ಟಿಸಿ ನೋಡಿದಳು. ಅವರು ಕೊನೆಯ ಗುಂಡಿ ಹಾಕುತ್ತಿದ್ದರು, ಅದು ತೂತಿಗೆ ಹೋಗುತ್ತಿರಲಿಲ್ಲ.

"ಹೌದು," ಎಂದಳು ಮುನಿಯಲ್ಲಮ್ಮ. "ನಾನೇ ಬರೆದಿದ್ದು. ಹೋಗೈತೆ ಅಂತಾನಲ್ಲ, ಹೋಗೈತೆ."

ಮುಂದಿನ ಭಾನುವಾರ ಪುಂಗನೂರಿನ ಕಡೆಯಿಂದ ಬಂದ ಇಬ್ಬರು ಹೊಸಬರು ಜಗುಲಿಗೆ ಬಂದು, ಗಂಗುಲಪ್ಪನವರಿಗೆ ಕೈಮುಗಿದು, "ಅಮ್ಮ ಇದಾರಾ?" ಎಂದು ಕೇಳಿದರು.

ಮುನಿಯಲ್ಲಮ್ಮ ಕಟ್ಟುಪಾಡು ಬದಲಿಸಿದಳು. ಮೊದಲು ಆಸ್ಪತ್ರೆಗೆ ಹೋಗಿ ಮಾತ್ರೆ ಶುರುಮಾಡಿ ಚೀಟಿ ತರಬೇಕು, ಚೀಟಿ ಇಲ್ಲದವರಿಗೆ ಸಿಂಹವಿಲ್ಲ. ಮೂರನೆಯ ವಾರದ ಪ್ರಶ್ನೆಯನ್ನೇ ಕೈಬಿಟ್ಟಳು. ಉಳಿದಿದ್ದರೆ ಉಳಿದಿದೆ ಎನ್ನಿ, ಇನ್ನೊಂದು ಚೀಟಿಗೆ ಹೋಗಿ ಎಂದಳು. ಆಕೆಯ ಬಳಿ ಬಂದವರಲ್ಲಿ ಬಹುಪಾಲು ಗುಣವಾಗತೊಡಗಿದರು. ಕೀರ್ತಿ ಪೂರ್ತಿ ಸಿಂಹಕ್ಕೇ ಸಂದಿತು. ಸಿಂಹದ ಬಾಲ ಮಾತ್ರ ಕೆಳಗೇ ಇಳಿಬಿದ್ದಿರುತ್ತಿತ್ತು. ಗಂಗುಲಪ್ಪನವರು ಜಗುಲಿಯ ಕೆಳಗೆ ಕಲ್ಲಿನ ಮುಂದೆ ಕುಳಿತು ಕೆಮ್ಮಣ್ಣು ಅರೆದರು. ಅರೆಯುವಾಗ ಪಕ್ಕೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ.

ಏಪ್ರಿಲ್‌ನ ಒಂದು ಭಾನುವಾರ, ಜಗುಲಿಯ ತುಂಬ ಜನವಿದ್ದಾಗ ಅವರ ಫೋನು ಬಡಿದುಕೊಂಡಿತು. ಡಾಕ್ಟರು ಶ್ವೇತ. ಮೆಡಿಕಲ್ ಕಾಲೇಜಿನಿಂದ ಬಂದ ಕರೆಯೆಂದರೆ ನಾಲ್ಕು ಜನ ಕೇಳಬೇಡವೇ? ಗಂಗುಲಪ್ಪನವರು ಸ್ಪೀಕರ್ ಒತ್ತಿ, ಫೋನನ್ನು ಜಗುಲಿಯ ಅಂಚಿಗಿಟ್ಟರು.

"ಯಜಮಾನ್ರೇ, ನಿಮ್ಮ ರಕ್ತ ನೋಡಿದ್ವಿ. ಒಬ್ಬರದ್ದು ನೋಡಿ ಏನೂ ತೀರ್ಮಾನ ಮಾಡೋ ಹಾಗಿಲ್ಲ. ಆದ್ರೂ ನಿಮ್ಮ ಕಾವಲು ಕಣಗಳು ಇನ್ನೂ ಸಕ್ಕರೆನೇ ಉರಿಸ್ತಾ ಇವೆ, ನೋವಿರೋರ ಥರಾನೇ. ನೋವಿಲ್ಲದೋರ ಸಾಲಲ್ಲಿ ನಿಮ್ಮದೊಂದೇ ಹೀಗಿರೋದು. ಅದಕ್ಕೇ ಕೇಳ್ತಾ ಇದೀನಿ. ನಿಮಗೆ ನಿಜವಾಗ್ಲೂ ನೋವಿಲ್ವಾ?"

ಮುನಿಯಲ್ಲಮ್ಮನ ಕೈಯ ಪುಕ್ಕ ಯಾರದೋ ಬೆನ್ನಿನ ಮೇಲೆ ಅರ್ಧ ಸಿಂಹದಲ್ಲಿ ನಿಂತಿತು. ತುದಿಯಿಂದ ಕೆಂಪು ನೀರು ತೊಟ್ಟಿಕ್ಕಿತು. ಇಲ್ಲವೆಂದರೆ ಹೆಂಡತಿಯ ಸಿಂಹ ಉಳಿಯುತ್ತದೆ, ಹೌದೆಂದರೆ ಯಾರ ಸಿಂಹವೂ ಉಳಿಯುವುದಿಲ್ಲ. ಪಕ್ಕೆಗೆ ಮಾತ್ರ ನಿದ್ದೆ ಸಿಗುತ್ತದೆ. ಗಂಗುಲಪ್ಪನವರು ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಸೀಸೆ ಅದಲು ಬದಲಾಗಿರ್ಬೇಕು ಮೇಡಮ್ಮೋರೆ," ಎಂದರು. "ಅವತ್ತು ಗಲಾಟೆ ಜಾಸ್ತಿ ಇತ್ತು."

ಆ ಕಡೆಯಿಂದ ಹಾಳೆ ಮಗುಚಿದ ಸದ್ದು ಬಂತು. "ಹಾಗಂತೀರಾ. ಸರಿ. ಅನುಮಾನ ಇದ್ರೆ ಆ ಸೀಸೆ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ನಿಮ್ಮ ಹೆಸರು ತೆಗೆದುಬಿಡ್ತೀನಿ. ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಬನ್ನಿ ಯಜಮಾನ್ರೇ."

ಪುಕ್ಕ ಮತ್ತೆ ಓಡಿತು.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಗಂಡ ಹೆಂಡತಿ ಊಟಕ್ಕೆ ಕುಳಿತರು. ಮುದ್ದೆ, ಅವರೆಕಾಳಿನ ಹುಳಿ. ಮುನಿಯಲ್ಲಮ್ಮ ಕೈತೊಳೆದು, ಗೋಡೆಯ ಗೂಡಿನಲ್ಲಿದ್ದ ಮಾತ್ರೆಯ ಹಾಳೆಯಿಂದ ಒಂದನ್ನು ಒತ್ತಿ ತೆಗೆದಳು. ಅದು ಶುರುವಾದ ಮೇಲೆ ಆಕೆ ಗೋಡೆಗೆ ಬೆನ್ನು ಕೊಟ್ಟು ಒರಗಿ ಕೂರುತ್ತಿದ್ದಳು. ಆರು ವರ್ಷದಲ್ಲಿ ಆಕೆ ಗೋಡೆಗೆ ಒರಗಿದ್ದನ್ನು ತಾವು ನೋಡಿಯೇ ಇರಲಿಲ್ಲವೆಂಬುದು ಗಂಗುಲಪ್ಪನವರಿಗೆ ಈಗೀಗ ಹೊಳೆಯುತ್ತಿತ್ತು.

"ಒಂದು ಕೊಡೇ ಇತ್ಲಾಗೆ," ಎಂದರು, ತಟ್ಟೆಯನ್ನೇ ನೋಡುತ್ತ.

"ಯಾಕೆ?"

ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಂದಕ್ಕೆ ಹಾಕಿತ್ತು. ಆಕೆ ಕಾದಳು. ಆಕೆಯ ಮುಖದಲ್ಲಿ ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಒಂದೇ ಒಂದು ಮಾತು ಕಿವಿಗೆ ಬಿದ್ದರೆ ಸಾಕೆಂಬಂತೆ, ಕೈಯನ್ನು ಅರ್ಧ ಮುಂದಕ್ಕೆ ಚಾಚಿಕೊಂಡೇ ಕಾದಳು.

"ಸುಮ್ನೆ. ನೋಡೋಣಾಂತ."

ಆಕೆ ಮಾತ್ರೆಯನ್ನು ಎರಡು ಬೆರಳಲ್ಲಿ ಹಿಡಿದು ಅವರ ಕಣ್ಣ ಮುಂದೆ ತಂದಳು. ಅರ್ಧ ಬಿಳಿ, ಅರ್ಧ ಕೆಂಪು. ಅವರು ನೋಡಿದರು. ಆಕೆ ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಎದ್ದು ಹಾಲು ಡೇರಿಗೆ ಹಾಕ್ಬಾ," ಎಂದಳು. "ಅಂಗಿ ಹಾಕ್ಕೊಂಡು ಹೋಗು. ನಾನು ಮಾತ್ರೆ ಇಲ್ದೆ ವಾಸಿ ಮಾಡಿರೋನು ನೀನೊಬ್ನೇ ಕಣಯ್ಯ, ಊರಿಗೆ ಸಾಕ್ಷಿ. ಬರಿಮೈಲಿ ಓಡಾಡಿದ್ರೆ ಜನ ಏನಂತಾರೆ?"

ಗಂಗುಲಪ್ಪನವರು ಮೊಳೆಯಲ್ಲಿದ್ದ ಅಂಗಿ ತೆಗೆದುಕೊಂಡು, ಮೊದಲು ಬಲತೋಳು ಹಾಕಿ, ಆಮೇಲೆ ಎಡತೋಳು ಹಾಕಿ, ಕ್ಯಾನು ಎತ್ತಿಕೊಂಡು ಹೋದರು.